ಮೊದಲು ಅಗಲ, ಆಮೇಲೆ ಭಾರ

ಮುನಿರಾಬಾದಿನ ಬಳಿ ತುಂಗಭದ್ರೆಗೆ ಅಡ್ಡ ನಿಂತಿರುವ ಅಣೆಕಟ್ಟೆಯ ಹಿಂದೆ ನೀರು ತುಂಬಿದಾಗ 378 ಚದರ ಕಿಲೋಮೀಟರ್ ನೆಲ ಮುಳುಗುತ್ತದೆ. ಮಳೆಗಾಲದಲ್ಲಿ ತುಂಬುವ ಈ ಜಲಾಶಯ ಎಡದಂಡೆ, ಬಲದಂಡೆ ಕಾಲುವೆಗಳಿಗೆ ನೀರು ಕೊಡುತ್ತ ಕೊಡುತ್ತ ಬೇಸಿಗೆಯ ಹೊತ್ತಿಗೆ ಸೊರಗುತ್ತದೆ. ನೀರು ಸರಿದಷ್ಟೂ ಹೂಳಿನ ಬಯಲು ತೆರೆದುಕೊಳ್ಳುತ್ತದೆ. ಕಟ್ಟಿದ ಕಾಲಕ್ಕೆ ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯ ಇಂದು ಹಿಡಿಯುವುದು ಸುಮಾರು 105 ಟಿಎಂಸಿ ಅಡಿ. ಉಳಿದ ಜಾಗವನ್ನು ಹೂಳು ನುಂಗಿದೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು, ಫ್ಲೆಮಿಂಗೊಗಳು ಬಂದಿಳಿಯುವುದು ಈ ಹಿನ್ನೀರಿನ ಅಂಚಿಗೆ. ಅವನ್ನು ಹುಡುಕಿಕೊಂಡು ಉದ್ದನೆಯ ಲೆನ್ಸ್ ಹೊತ್ತು ಛಾಯಾಗ್ರಾಹಕರು ಬಂದು ನಿಲ್ಲುವುದೂ ಇದೇ ಹೂಳಿನ ಮೇಲೆ.

ಇಲ್ಲಿ ಅವರಿಗೊಂದು ವಿಚಿತ್ರ ಎದುರಾಗುತ್ತದೆ. 60 ಕಿಲೋ ತೂಕದ ಮನುಷ್ಯ ಹೂಳಿನ ಮೇಲೆ ಹೇಗೋ ನಿಂತುಕೊಂಡಿರುತ್ತಾನೆ. ಅವನ ಪಕ್ಕದಲ್ಲಿ ಕ್ಯಾಮೆರಾ, ಲೆನ್ಸ್ ಎಲ್ಲ ಸೇರಿ 7 ಕಿಲೋ ತೂಗುವ ಟ್ರೈಪಾಡ್ ಮಾತ್ರ ಮೆಲ್ಲಗೆ ಇಳಿಯುತ್ತ ಹೋಗುತ್ತದೆ. ಹಗುರವಾದದ್ದು ಹೂತುಹೋಗಿ ಭಾರವಾದದ್ದು ನಿಲ್ಲುವುದು ಹೇಗೆ?

ಲೆಕ್ಕ ಹಾಕಿ ನೋಡೋಣ. ಚಪ್ಪಲಿ ತೊಟ್ಟ ಎರಡು ಪಾದಗಳು ನೆಲಕ್ಕೆ ತಾಗುವ ವಿಸ್ತೀರ್ಣ ಸುಮಾರು 400 ಚದರ ಸೆಂಟಿಮೀಟರ್. 60 ಕಿಲೋವನ್ನು ಅಷ್ಟಕ್ಕೆ ಹಂಚಿದರೆ ಪ್ರತಿ ಚದರ ಸೆಂಟಿಮೀಟರಿಗೆ 150 ಗ್ರಾಂ ಬೀಳುತ್ತದೆ. ಟ್ರೈಪಾಡಿನ ರಬ್ಬರ್ ಪಾದದ ವ್ಯಾಸ 3 ಸೆಂಟಿಮೀಟರ್ ಎಂದುಕೊಳ್ಳಿ. ಒಂದು ಪಾದದ ವಿಸ್ತೀರ್ಣ 7 ಚದರ ಸೆಂಟಿಮೀಟರ್, ಮೂರೂ ಸೇರಿ 21. ಅದರ ಮೇಲೆ 7 ಕಿಲೋ ಕೂತರೆ ಚದರ ಸೆಂಟಿಮೀಟರಿಗೆ 330 ಗ್ರಾಂ. ಅಂದರೆ ಮನುಷ್ಯನಿಗಿಂತ ಎಂಟು ಪಟ್ಟು ಹಗುರವಾದ ಟ್ರೈಪಾಡ್ ನೆಲವನ್ನು ಅವನಿಗಿಂತ ಎರಡು ಪಟ್ಟು ಜೋರಾಗಿ ಒತ್ತುತ್ತಿದೆ. ಮಣ್ಣು ಲೆಕ್ಕಕ್ಕೆ ತೆಗೆದುಕೊಳ್ಳುವುದು ತೂಕವನ್ನಲ್ಲ, ಒತ್ತಡವನ್ನು.

ಟ್ರೈಪಾಡ್ ಅಲುಗಿದರೆ ಬ್ಯಾಗನ್ನು ಅದರ ಕೊಕ್ಕೆಗೆ ತೂಗುಹಾಕಿ ಭಾರ ಹೆಚ್ಚಿಸಿ ಎಂಬ ಸಲಹೆಯನ್ನು ಎಲ್ಲರೂ ಕೇಳಿರುತ್ತಾರೆ. ಗಟ್ಟಿ ನೆಲದಲ್ಲಿ ಅದು ಒಳ್ಳೆಯ ಸಲಹೆಯೇ. ಆದರೆ ಹೂಳಿನ ಮೇಲೆ 3 ಕಿಲೋ ಬ್ಯಾಗು ತೂಗಿದರೆ ಒತ್ತಡ 330 ಗ್ರಾಮಿನಿಂದ 475 ಗ್ರಾಮಿಗೆ ಏರುತ್ತದೆ, ಇಳಿಯುತ್ತಿದ್ದ ಕಾಲು ಇನ್ನಷ್ಟು ಬೇಗ ಇಳಿಯುತ್ತದೆ. ಈ ಅಧ್ಯಾಯದ ತಿರುಳು ಇಷ್ಟೇ: ಮೆತ್ತನೆಯ ನೆಲದಲ್ಲಿ ಮೊದಲು ಅಗಲ ಬೇಕು, ಭಾರ ಆಮೇಲೆ. ಯಾವ ನೆಲದಲ್ಲಿ ಯಾವುದು ಮೊದಲು ಎಂದು ತಿಳಿಯಬೇಕಾದರೆ ಕ್ಯಾಮೆರಾ ಬಿಚ್ಚುವ ಮುಂಚೆ ಮಣ್ಣನ್ನು ಓದಬೇಕು.

ಮೂರು ಕಾಲಿನ ಬಲ, ಮೂರು ಕಾಲಿನ ದೌರ್ಬಲ್ಯ

ನೇರ ಗೆರೆಯಲ್ಲಿಲ್ಲದ ಮೂರು ಬಿಂದುಗಳ ಮೂಲಕ ಒಂದೇ ಒಂದು ಸಮತಲ ಹಾದುಹೋಗಬಲ್ಲದು. ಆದ್ದರಿಂದ ಮೂರು ಕಾಲಿನ ವಸ್ತುವಿನ ಮೂರೂ ಕಾಲು ಎಂಥ ಏರುಪೇರಿನ ನೆಲದಲ್ಲೂ ಒಟ್ಟಿಗೇ ನೆಲ ಮುಟ್ಟುತ್ತವೆ. ನಾಲ್ಕು ಕಾಲಿನ ಮೇಜು ಕುಂಟುತ್ತದೆ, ಮೂರು ಕಾಲಿನದು ಕುಂಟುವುದಿಲ್ಲ. ಭೂಮಾಪಕರ ಥಿಯೊಡಲೈಟಿಗೂ ಛಾಯಾಗ್ರಾಹಕರ ಕ್ಯಾಮೆರಾಕ್ಕೂ ಮೂರೇ ಕಾಲು ಇರುವುದು ಈ ಕಾರಣಕ್ಕೆ.

ಆದರೆ ಈ ಗುಣಕ್ಕೆ ಬೆಲೆ ತೆರಬೇಕು. ಮೂರರಲ್ಲಿ ಒಂದು ಕಾಲು ಕುಸಿದರೆ ಆ ಹೊರೆಯನ್ನು ಹೊರಲು ಇನ್ನೊಂದು ಬಿಡಿ ಕಾಲಿಲ್ಲ. ಸಮತಲವೇ ವಾಲುತ್ತದೆ, ಅದರ ಮೇಲಿರುವುದೆಲ್ಲ ವಾಲುತ್ತದೆ. ಎಷ್ಟು ಕುಸಿದರೆ ಎಷ್ಟು ವಾಲುತ್ತದೆ? ಪಾದದಿಂದ ಪಾದಕ್ಕೆ 1 ಮೀಟರ್ ಅಂತರವಿರುವ ಟ್ರೈಪಾಡಿನ ಒಂದು ಕಾಲು ಒಂದು ಮಿಲಿಮೀಟರಿನ ನೂರನೇ ಒಂದು ಭಾಗ ಇಳಿಯಿತೆನ್ನಿ. ಮೇಲೆ 600 ಮಿಲಿಮೀಟರ್ ಲೆನ್ಸ್ ಇದ್ದರೆ ಚಿತ್ರ ಸೆನ್ಸರಿನ ಮೇಲೆ ಸುಮಾರು 7 ಮೈಕ್ರಾನ್ ಜಾರುತ್ತದೆ. 45 ಮೆಗಾಪಿಕ್ಸೆಲ್ಲಿನ ಫುಲ್‌ಫ್ರೇಮ್ ಕ್ಯಾಮೆರಾದ ಒಂದು ಪಿಕ್ಸೆಲ್ಲಿನ ಅಗಲ 4.4 ಮೈಕ್ರಾನಿನ ಆಸುಪಾಸು. ಅಂದರೆ ಕಣ್ಣಿಗೆ ಕಾಣದಷ್ಟು ಕುಸಿತ ಒಂದೂವರೆ ಪಿಕ್ಸೆಲ್ ದೂರ ಸರಿಸುತ್ತದೆ. 200 ಮೀಟರ್ ಆಚೆ ಕೂತ ಹಕ್ಕಿಯ ಮೇಲೆ ಅದು 2 ಮಿಲಿಮೀಟರಿಗೂ ಹೆಚ್ಚು. ಗರಿಯ ಎಳೆಗಳು ಒಂದರೊಳಗೊಂದು ಕಲಸಿಹೋಗಲು ಅಷ್ಟು ಸಾಕು.

ಈ ಲೆಕ್ಕವನ್ನು ಎಲ್ಲ ಚಿತ್ರಗಳಿಗೂ ಹಚ್ಚಬಾರದು. ಹಾರುವ ಹೆಬ್ಬಾತನ್ನು ಸೆಕೆಂಡಿನ ಎರಡು ಸಾವಿರದನೇ ಒಂದು ಭಾಗದಲ್ಲಿ ಸೆರೆಹಿಡಿಯುವವರಿಗೆ ನಿಧಾನದ ಕುಸಿತ ಕಾಣುವುದೇ ಇಲ್ಲ. ಕುಸಿತ ಕಾಡುವುದು ಶಟರ್ ಹೆಚ್ಚು ಹೊತ್ತು ತೆರೆದಿರುವಾಗ: ನಸುಬೆಳಕಿನ ಚಿತ್ರ, ರಾತ್ರಿಯ ಆಕಾಶ, ಗಂಟೆಗಟ್ಟಲೆ ನಡೆಯುವ ಟೈಮ್‌ಲ್ಯಾಪ್ಸ್, ನಿಂತಲ್ಲೇ ನಿಂತು ತೆಗೆಯುವ ವಿಡಿಯೋ. ಇವುಗಳಲ್ಲಿ ನೆಲದ ಚಲನೆಯೂ ಚಿತ್ರದೊಳಗೆ ದಾಖಲಾಗುತ್ತದೆ.

ಒಂದೇ ಸೀಮೆ, ಐದು ನೆಲ

ಮುನಿರಾಬಾದನ್ನು ನಡುವೆ ಇಟ್ಟುಕೊಂಡು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸುತ್ತಿ ಬಂದರೆ ಟ್ರೈಪಾಡಿನ ಕಾಲಿಗೆ ಕನಿಷ್ಠ ಐದು ಬಗೆಯ ನೆಲ ಸಿಗುತ್ತದೆ. ಐದೂ ಐದು ರೀತಿಯಲ್ಲಿ ವರ್ತಿಸುತ್ತವೆ.

ಮೊದಲನೆಯದು ಹಿನ್ನೀರಿನ ಹೂಳು. ನದಿ ಹೊತ್ತು ತಂದ ಅತಿ ಸಣ್ಣ ಕಣಗಳು ನಿಂತ ನೀರಿನಲ್ಲಿ ತಳಕ್ಕೆ ಕೂತು ಆದ ಮಣ್ಣು ಇದು. ಇದರ ಕಣಗಳ ನಡುವೆ ಇರುವುದು ಬಹುಪಾಲು ನೀರೇ. ಬಿಸಿಲಿಗೆ ಮೇಲ್ಪದರ ಒಣಗಿ ಬಿರಿದು ಗಟ್ಟಿ ಹಕ್ಕಳೆ ಕಟ್ಟುತ್ತದೆ. ಅದರ ಕೆಳಗೆ ಹಸಿ ರಾಡಿ ಹಾಗೆಯೇ ಉಳಿದಿರುತ್ತದೆ. ಮೇಲಿನಿಂದ ನೋಡಿದರೆ ಗಟ್ಟಿ, ಕಾಲಿಟ್ಟರೆ ಮೋಸ.

ಈ ಹೂಳಿನಲ್ಲಿ ಕುಸಿತ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಟ್ರೈಪಾಡ್ ಇಟ್ಟ ಕ್ಷಣ ಹೊರೆಯನ್ನು ಹೊರುವುದು ಮಣ್ಣಿನ ಕಣಗಳಲ್ಲ, ಅವುಗಳ ನಡುವೆ ಸಿಕ್ಕಿಕೊಂಡ ನೀರು. ಅದು ಸೂಕ್ಷ್ಮ ರಂಧ್ರಗಳ ಮೂಲಕ ಬಹಳ ನಿಧಾನವಾಗಿ ಹೊರಗೆ ಹಿಂಡಿ ಹೋಗುತ್ತದೆ. ಹೋದಷ್ಟೂ ಕಣಗಳು ಒತ್ತೊತ್ತಾಗಿ ಕೂರುತ್ತವೆ, ಕಾಲು ಇಳಿಯುತ್ತದೆ. ಈ ನಿಧಾನದ ಕುಸಿತಕ್ಕೆ ಗಣಿತದ ರೂಪ ಕೊಟ್ಟವರು ಕಾರ್ಲ್ ಟೆರ್ಜಾಗಿ. 1925ರಲ್ಲಿ ಅವರು ಪ್ರಕಟಿಸಿದ ಗ್ರಂಥದಿಂದಲೇ ಆಧುನಿಕ ಮಣ್ಣುಬಲ ವಿಜ್ಞಾನ ಶುರುವಾಯಿತು ಎನ್ನುವುದುಂಟು. ಕಟ್ಟಡಗಳ ಕೆಳಗೆ ವರ್ಷಗಟ್ಟಲೆ ನಡೆಯುವ ಕ್ರಿಯೆಯೇ ಟ್ರೈಪಾಡಿನ ಕೆಳಗೆ ನಿಮಿಷಗಳ ಲೆಕ್ಕದಲ್ಲಿ ನಡೆಯುತ್ತದೆ. ಹೂಳಿನ ಮೇಲೆ ಟ್ರೈಪಾಡ್ ಇಟ್ಟ ಕೂಡಲೇ ಮಟ್ಟ ನೋಡಿ ಚಿತ್ರ ಶುರುಮಾಡಬಾರದು, ಸ್ವಲ್ಪ ಕಾಯಬೇಕು ಎನ್ನುವುದು ಇದಕ್ಕಾಗಿ.

ಎರಡನೆಯದು ಎರೆ. ಯಲಬುರ್ಗಾ ಕಡೆಯ ಕಪ್ಪು ಹೊಲಗಳಲ್ಲಿ ಕೃಷ್ಣಮೃಗ ನೋಡಲು ಹೋದವರಿಗೆ ಇದರ ಪರಿಚಯವಿರುತ್ತದೆ. ಎರೆಮಣ್ಣಿನ ಜೀವಾಳ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ. ಅದರ ಹಾಳೆಯಂಥ ಪದರಗಳ ನಡುವೆ ನೀರು ನುಗ್ಗಿದರೆ ಮಣ್ಣು ಉಬ್ಬುತ್ತದೆ, ನೀರು ಆರಿದರೆ ಕುಗ್ಗಿ ಬಾಯಿಬಿಡುತ್ತದೆ. ಬೇಸಿಗೆಯ ಎರೆ ಕಲ್ಲಿನಷ್ಟು ಬಿರುಸು, ಆದರೆ ಕಾಲಿನ ತುದಿ ಬಿರುಕಿಗೆ ಜಾರುವ ಅಪಾಯವಿದೆ. ಮಳೆ ಬಿದ್ದ ಎರೆಯಲ್ಲಿ ಇನ್ನೊಂದು ತೊಂದರೆ: ಮಣ್ಣು ಪಾದಕ್ಕೆ ಮೆತ್ತಿಕೊಂಡು ಮುದ್ದೆಯಾಗುತ್ತದೆ. ಆ ಜಾರುವ ಮುದ್ದೆಯ ಮೇಲೆ ಟ್ರೈಪಾಡ್ ನಿಲ್ಲುವುದಿಲ್ಲ. ಎರೆಯಲ್ಲಿ ಕಾಲು ಬದಲಿಸಿದಾಗಲೆಲ್ಲ ಪಾದ ಕೆರೆದು ಸ್ವಚ್ಛ ಮಾಡುವುದು ಕಡ್ಡಾಯ.

ಮೂರನೆಯದು ಮಸಾರಿ. ಕುಷ್ಟಗಿ ಸುತ್ತಲಿನ, ಗಂಗಾವತಿ ತಾಲೂಕಿನ ಬಂಕಾಪುರ ತೋಳಧಾಮದ ಕುರುಚಲಿನ ಕೆಂಪು ನೆಲ. ಇದರಲ್ಲಿ ಮರಳು, ಗರಸು ಹೆಚ್ಚು. ನೀರು ಬೇಗ ಬಸಿಯುತ್ತದೆ, ಕುಸಿತ ಕ್ಷಣದಲ್ಲಿ ಮುಗಿಯುತ್ತದೆ. ಟ್ರೈಪಾಡಿಗೆ ಇಷ್ಟು ಸ್ನೇಹದ ಮಣ್ಣು ಈ ಸೀಮೆಯಲ್ಲಿ ಬೇರೆಯಿಲ್ಲ. ಮೇಲಿನ ಸಡಿಲ ಗರಸನ್ನು ಕಾಲಿನಿಂದ ಸರಿಸಿ ಕೆಳಗಿನ ಗಟ್ಟಿಗೆ ಪಾದ ಊರಿದರೆ ಮುಗಿಯಿತು.

ನಾಲ್ಕನೆಯದು ಅಣೆಕಟ್ಟೆಯ ಕೆಳಗಿನ ನದಿಪಾತ್ರದ ಮರಳು. ಒಣ ಮರಳು ಮೇಲ್ಭಾಗದಲ್ಲಿ ಪಕ್ಕಕ್ಕೆ ಹರಿದುಹೋಗುತ್ತದೆ. ಆಳಕ್ಕೆ ಹೋದಂತೆ ಮೇಲಿನ ಮರಳಿನ ಭಾರವೇ ಕೆಳಗಿನದನ್ನು ಬಿಗಿಹಿಡಿಯುವುದರಿಂದ ಅದು ಗಟ್ಟಿಯಾಗುತ್ತ ಹೋಗುತ್ತದೆ. ಹಾಗಾಗಿ ಮರಳಿನಲ್ಲಿ ಪಾದವನ್ನು ಮೇಲಿಡಬಾರದು, ಹೂಳಬೇಕು. ಕಾಲನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತ ಒತ್ತಿದರೆ ನೀರು ತುಂಬಿದ ಮರಳು ಕ್ಷಣಕಾಲ ದ್ರವದಂತೆ ಸಡಿಲಗೊಂಡು ದಾರಿ ಬಿಡುತ್ತದೆ. ತಿರುಗಿಸುವುದು ನಿಲ್ಲಿಸಿದರೆ ಕಣಗಳು ಮತ್ತೆ ಹತ್ತಿರ ಬಂದು ಕಾಲನ್ನು ಹಿಡಿದುಕೊಳ್ಳುತ್ತವೆ.

ಐದನೆಯದು ಬಂಡೆ. ಅದಕ್ಕೆ ಮುಂದೆ ಬೇರೆಯೇ ಭಾಗ ಬೇಕು.

ಇವುಗಳಲ್ಲಿ ಯಾವುದರ ಮೇಲೆ ನಿಂತಿದ್ದೀರಿ ಎಂದು ತಿಳಿಯಲು ಉಪಕರಣ ಬೇಕಿಲ್ಲ. ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಸುಕಿ. ಬೆರಳ ಸಂದಿಯಿಂದ ಹೊರಗೆ ಬಂದರೆ ಅದು ಅತಿ ಮೆತ್ತನೆಯ ಜೇಡಿ, ರಬ್ಬರ್ ಪಾದದ ಟ್ರೈಪಾಡನ್ನು ಅದು ಹೊರಲಾರದು. ಹಗುರ ಒತ್ತಿಗೆ ಬೇಕಾದ ಆಕಾರ ತಳೆದರೆ ಮೆತ್ತನೆಯದು. ಬೆರಳಿಗೆ ಬಲ ಹಾಕಿ ಒತ್ತಬೇಕಾದರೆ ಸಾಧಾರಣ ಗಟ್ಟಿ. ಹೆಬ್ಬೆರಳ ಗುರುತಷ್ಟೇ ಮೂಡಿದರೆ ನಿಶ್ಚಿಂತೆಯಿಂದ ಕ್ಯಾಮೆರಾ ಏರಿಸಬಹುದು. ಅಡಿಪಾಯದ ಎಂಜಿನಿಯರರು ಹೊಲದಲ್ಲಿ ನಿಂತು ಮಣ್ಣಿನ ಗಟ್ಟಿತನ ಅಂದಾಜು ಮಾಡುವುದೂ ಇದೇ ಬೆರಳ ಪರೀಕ್ಷೆಯಿಂದ.

ತಳಕ್ಕೆ ಇಳಿಯುವುದೋ, ಮೇಲೆ ತೇಲುವುದೋ

ಮೆತ್ತನೆಯ ನೆಲದಲ್ಲಿ ಕಟ್ಟಡ ಕಟ್ಟುವವರಿಗೆ ಎರಡು ದಾರಿಗಳಿವೆ. ಕಂಬಗಳನ್ನು ಮೆತ್ತನೆಯ ಪದರ ದಾಟಿಸಿ ಕೆಳಗಿನ ಗಟ್ಟಿಗೆ ಮುಟ್ಟಿಸುವುದು ಒಂದು. ಅಗಲವಾದ ಹಾಸು ಹಾಕಿ ಇಡೀ ಹೊರೆಯನ್ನು ಮೆತ್ತನೆಯ ಪದರದ ಮೇಲೆಯೇ ಹಂಚಿಬಿಡುವುದು ಇನ್ನೊಂದು. ಟ್ರೈಪಾಡಿಗೂ ಇವೇ ಎರಡು ದಾರಿ. ಯಾವುದನ್ನು ಹಿಡಿಯಬೇಕೆಂದು ತಿಳಿಸುವುದು ಒಂದು ಕೋಲು. ಅದನ್ನು ನೆಲಕ್ಕೆ ಚುಚ್ಚಿ ನೋಡಿ.

ಗಂಗಾವತಿಯ ಭತ್ತದ ಗದ್ದೆಯಲ್ಲಿ ಚುಚ್ಚಿದರೆ ಒಂದು ಗೇಣಿನ ಆಸುಪಾಸಿನಲ್ಲಿ ಕೋಲು ಗಟ್ಟಿಗೆ ತಾಗುತ್ತದೆ. ವರ್ಷ ವರ್ಷವೂ ರೊಳ್ಳೆ ಹೊಡೆದ ಗದ್ದೆಯ ಕೆಸರಿನ ಅಡಿಯಲ್ಲಿ ಒತ್ತಿಕೊಂಡು ಬಿಗಿಯಾದ ಪದರವೊಂದು ಉಂಟಾಗಿರುತ್ತದೆ. ನೀರು ಇಂಗಿಹೋಗದಂತೆ ತಡೆದು ಭತ್ತವನ್ನು ಬದುಕಿಸುವುದು ಅದೇ. ಇಲ್ಲಿ ರಬ್ಬರ್ ಪಾದ ಬಿಚ್ಚಿ ಉಕ್ಕಿನ ಮೊಳೆ ಹೊರಗೆ ಮಾಡಿ ಮೂರೂ ಕಾಲನ್ನು ಆ ಗಟ್ಟಿಗೆ ಮುಟ್ಟಿಸಬೇಕು. ಕೆಳಗಿನ ತೆಳು ಕೊಳವೆಯನ್ನು ಮೊದಲೇ ಒಂದು ಮೊಳ ಹೊರಗೆಳೆದುಕೊಂಡರೆ ಅದರ ಲಾಕ್ ಕೆಸರಿಗೆ ಸಿಗದೆ ಮೇಲೆಯೇ ಉಳಿಯುತ್ತದೆ. ಕಾಲುಗಳನ್ನು ಪೂರ್ತಿ ಅಗಲಿಸಿ ಆಮೇಲೆ ಮೇಲಿನಿಂದ ಒತ್ತುವುದು ಅಪಾಯ. ಓರೆಯಾದ ಕಾಲು ಕೆಸರಿನಲ್ಲಿ ಇಳಿಯುತ್ತ ಇನ್ನೂ ಹೊರಕ್ಕೆ ಸರಿಯಲು ನೋಡುತ್ತದೆ, ಮೇಲಿನ ಕೀಲು ಅದಕ್ಕೆ ಅಡ್ಡ ನಿಂತು ಮುರಿಯುತ್ತದೆ. ಅರ್ಧ ಅಗಲಿಸಿ, ಒಂದೊಂದೇ ಕಾಲನ್ನು ಅದರ ಉದ್ದಕ್ಕೆ ನೇರವಾಗಿ ಒತ್ತುತ್ತ ಬನ್ನಿ. ಇಳಿಯುತ್ತ ಇಳಿಯುತ್ತ ಅದು ತನ್ನ ಅಗಲಕ್ಕೆ ಬಂದು ನಿಲ್ಲುತ್ತದೆ.

ಹಿನ್ನೀರಿನ ಹೂಳಿನಲ್ಲಿ ಕೋಲು ಇಳಿದಷ್ಟೂ ಇಳಿಯುತ್ತದೆ. ಅಲ್ಲಿ ಗಟ್ಟಿಯನ್ನು ಹುಡುಕುವುದು ವ್ಯರ್ಥ, ತೇಲುವ ದಾರಿಯೇ ಸರಿ. ಗದ್ದೆಯ ರೈತರಿಗೆ ಈ ದಾರಿ ಹೊಸದಲ್ಲ. ಟ್ರ್ಯಾಕ್ಟರಿನ ಟೈರು ಕೆಸರಿನಲ್ಲಿ ಹೂತುಹೋಗದಿರಲೆಂದು ಅವರು ಅಗಲವಾದ ಕಬ್ಬಿಣದ ಕೇಜ್ ವೀಲ್ ಕಟ್ಟುತ್ತಾರೆ. ಟ್ರ್ಯಾಕ್ಟರಿನ ತೂಕ ಅದರಿಂದ ಹೆಚ್ಚೇ ಆಗುತ್ತದೆ, ಆದರೂ ಅದು ಮುಳುಗುವುದಿಲ್ಲ. ಅಗಲ ಸಿಕ್ಕರೆ ಹೆಚ್ಚಿನ ತೂಕವನ್ನೂ ಕೆಸರು ಹೊರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಟ್ರೈಪಾಡಿನ ಪ್ರತಿ ಪಾದದ ಕೆಳಗೆ 10 ಸೆಂಟಿಮೀಟರ್ ವ್ಯಾಸದ ಬಿಲ್ಲೆ ಇಟ್ಟೆವೆನ್ನಿ. ಒಂದೊಂದರ ವಿಸ್ತೀರ್ಣ 78 ಚದರ ಸೆಂಟಿಮೀಟರ್, ಮೂರೂ ಸೇರಿ ಸುಮಾರು 235. ಏಳು ಕಿಲೋ ಹೊರೆ ಈಗ ಚದರ ಸೆಂಟಿಮೀಟರಿಗೆ 30 ಗ್ರಾಂ ಮಾತ್ರ, ಮೊದಲಿದ್ದದ್ದರ ಹನ್ನೊಂದನೇ ಒಂದು ಪಾಲು. ಈಗ ಬ್ಯಾಗು ತೂಗಿ ಹೊರೆ 10 ಕಿಲೋ ಆದರೂ ಒತ್ತಡ 43 ಗ್ರಾಮಿಗಿಂತ ಹೆಚ್ಚಾಗದು. ಮುಷ್ಟಿಯಲ್ಲಿ ಹಿಸುಕಿದಾಗ ಹೊರಬರುವ ಮಣ್ಣೂ ಇಷ್ಟನ್ನು ಹೊರಬಲ್ಲದು. ಬಿಲ್ಲೆಗೆ ಪ್ಲೈವುಡ್ ತುಂಡು ಸಾಕು. ನಡುವೆ ಪಾದ ಕೂರುವಷ್ಟು ತಗ್ಗು ಕೊರೆದು, ತಳಕ್ಕೆ ಜಾರದಂತೆ ಒಂದೆರಡು ಸಣ್ಣ ಮೊಳೆ ಹೊಡೆದುಕೊಳ್ಳಬೇಕು. ಅದೂ ಸಿಗದಿದ್ದರೆ ದಂಡೆಯ ಚಪ್ಪಟೆ ಕಲ್ಲುಗಳು.

ಇಟ್ಟ ಮೇಲೆ ಒಂದು ಕೆಲಸ ಮರೆಯಬಾರದು. ಕ್ಯಾಮೆರಾ ಏರಿಸುವ ಮುನ್ನ ಪ್ರತಿ ಬಿಲ್ಲೆಯನ್ನೂ ಕೈಯಿಂದ ಬಲವಾಗಿ ಒತ್ತಿ ಬಿಡಿ. ಹತ್ತು ಕಿಲೋ ಬಲದಿಂದ ಒತ್ತಿದರೆ ಬಿಲ್ಲೆಯ ಕೆಳಗೆ 125 ಗ್ರಾಮಿನಷ್ಟು ಒತ್ತಡ ಬೀಳುತ್ತದೆ, ಮುಂದೆ ಅದು ಹೊರಬೇಕಾದದ್ದು 43 ಗ್ರಾಂ. ಮಣ್ಣು ಒಮ್ಮೆ ಹೆಚ್ಚಿನ ಹೊರೆ ಕಂಡು ಬಿಗಿದುಕೊಂಡರೆ ಆಮೇಲೆ ಅದಕ್ಕಿಂತ ಕಡಿಮೆ ಹೊರೆಗೆ ಬಹಳ ಸ್ವಲ್ಪವೇ ಕುಸಿಯುತ್ತದೆ. ಮೆತ್ತನೆಯ ನೆಲದಲ್ಲಿ ರಸ್ತೆ, ಕಟ್ಟಡ ಕಟ್ಟುವ ಮೊದಲು ಅಲ್ಲಿ ಮಣ್ಣಿನ ಗುಡ್ಡೆ ಹೇರಿ ತಿಂಗಳುಗಟ್ಟಲೆ ಬಿಡುವ ಎಂಜಿನಿಯರಿಂಗ್ ಪದ್ಧತಿಯ ಹಿಂದಿರುವುದೂ ಮಣ್ಣಿನ ಈ ನೆನಪೇ.

ಬಂಡೆಯ ಮೇಲೆ, ಇಳಿಜಾರಿನಲ್ಲಿ

ಕೊಪ್ಪಳದ ಗವಿಮಠದ ಬೆಟ್ಟ, ಆನೆಗೊಂದಿಯ ಗುಡ್ಡಗಳು, ಬೃಹತ್ ಶಿಲಾಯುಗದ ಗೋರಿಗಳಿಗೆ ಹೆಸರಾದ ಹಿರೇಬೆಣಕಲ್ಲಿನ ಬೆಟ್ಟ, ಎಲ್ಲೆಲ್ಲೂ ಗ್ರಾನೈಟ್. ಹಂಪಿ ಸೀಮೆಯ ಈ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಇಲ್ಲಿ ಕುಸಿತದ ಭಯವಿಲ್ಲ. ಹೊಳೆಯ ಆಚೆ ಹಂಪಿಯಲ್ಲಿ 1856ರ ಸುಮಾರಿಗೆ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಸವರಿದ ಕಾಗದದ ದೊಡ್ಡ ನೆಗೆಟಿವ್‌ಗಳ ಮೇಲೆ ಚಿತ್ರ ತೆಗೆದ. ಆ ಕಾಗದಕ್ಕೆ ಬೆಳಕು ಹಿಡಿಯಲು ನಿಮಿಷಗಟ್ಟಲೆ ಬೇಕಾಗುತ್ತಿತ್ತು. ಕ್ಯಾಮೆರಾ ಅಷ್ಟು ಹೊತ್ತು ಮಿಸುಕದೆ ನಿಂತದ್ದರಿಂದಲೇ ಆ ಚಿತ್ರಗಳಲ್ಲಿ ಕಲ್ಲುಕಂಬದ ಕೆತ್ತನೆ ಇಂದಿಗೂ ಸ್ಪಷ್ಟವಾಗಿ ಓದಲು ಸಿಗುತ್ತದೆ. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅವೇ ಜಾಗಗಳನ್ನು ಹುಡುಕಿ ನಿಂತು ಮತ್ತೆ ಚಿತ್ರ ತೆಗೆದರು. ನೂರಿಪ್ಪತ್ತೇಳು ವರ್ಷಗಳ ಅಂತರದ ಆ ಎರಡು ಚಿತ್ರಮಾಲೆಗಳನ್ನು ಅಕ್ಕಪಕ್ಕ ಇಟ್ಟು ಇಂದು ವಿದ್ವಾಂಸರು ಯಾವ ಕಟ್ಟಡ ಎಷ್ಟು ಬಿದ್ದಿದೆ, ಎಷ್ಟು ಎದ್ದಿದೆ ಎಂದು ನೋಡಬಲ್ಲರು.

ಬಂಡೆಯ ತೊಡಕುಗಳು ಎರಡು. ಒಂದು, ಗ್ರಾನೈಟಿನ ಮೈ ಬಿಸಿಲು ಮಳೆಗೆ ಹಾಳೆಹಾಳೆಯಾಗಿ ಎದ್ದಿರುತ್ತದೆ. ಅಂಥ ಹಾಳೆಯ ಕೆಳಗೆ ಟೊಳ್ಳಿದ್ದರೆ ನಡಿಗೆಗೂ ಅದು ಅದುರುತ್ತದೆ. ಕಲ್ಲಿನಿಂದ ತಟ್ಟಿ ಕೇಳಿ, ಟೊಳ್ಳು ದನಿ ಬಂದರೆ ಕಾಲನ್ನು ಪಕ್ಕಕ್ಕೆ ಸರಿಸಿ. ಬಂಡೆಯ ಮೇಲೆ ರಬ್ಬರ್ ಪಾದವೇ ಇರಲಿ. ಉಕ್ಕಿನ ಮೊಳೆ ಬಿರುಕು ಸಿಕ್ಕಿದಲ್ಲಿ ಹಿಡಿಯುತ್ತದೆ, ನುಣುಪು ಸಿಕ್ಕಿದಲ್ಲಿ ಜಾರುತ್ತದೆ. ಶಾಸನ, ಚಿತ್ರ, ಕೆತ್ತನೆ ಇರುವ ಬಂಡೆಯ ಮೇಲಂತೂ ಉಕ್ಕು ತಾಗಿಸಲೇಬಾರದು. ಗವಿಮಠದ ಬೆಟ್ಟದಲ್ಲಿ ಅಶೋಕನ ಶಾಸನವಿದೆ, ಮೊಳೆಯ ಒಂದು ಗೀರು ಅಲ್ಲಿ ಶಾಶ್ವತ.

ಎರಡನೆಯ ತೊಡಕು ಇಳಿಜಾರು. ಇಲ್ಲಿ ಒಂದು ಕಾಲನ್ನು ಕೆಳಕ್ಕೆ ಇಡಬೇಕೋ ಎರಡನ್ನೋ ಎಂದು ಛಾಯಾಗ್ರಾಹಕರಲ್ಲಿ ಹಳೆಯ ವಾದವಿದೆ. ವಾದ ಬಗೆಹರಿಯದಿರಲು ಕಾರಣ ಇಬ್ಬರೂ ಸರಿ ಇರುವುದು, ಅವರು ನಿಂತ ನೆಲ ಬೇರೆ ಇರುವುದು.

ಟ್ರೈಪಾಡ್ ಮಗುಚುವುದು ಒಂದು ಕಾಲಿನ ಮೇಲಲ್ಲ, ಎರಡು ಪಾದಗಳನ್ನು ಸೇರಿಸುವ ಗೆರೆಯ ಮೇಲೆ. ಭಾರದ ಕೇಂದ್ರ ಆ ಗೆರೆ ದಾಟಿದ ಕ್ಷಣ ಅದು ಬೀಳುತ್ತದೆ. ಎರಡು ಕಾಲು ಕೆಳಗಿದ್ದರೆ ಆ ಗೆರೆ ಇಳಿಜಾರಿಗೆ ಅಡ್ಡವಾಗಿ ಎದುರಿಗೇ ಇರುತ್ತದೆ, ಕೇಂದ್ರ ಕೆಳಕ್ಕೆ ಸರಿದಷ್ಟೂ ನೇರವಾಗಿ ಅದರತ್ತ ಸಾಗುತ್ತದೆ. ಒಂದೇ ಕಾಲು ಕೆಳಗಿದ್ದರೆ ಗೆರೆಗಳು ಎರಡೂ ಪಕ್ಕದಲ್ಲಿ ಓರೆಯಾಗಿರುತ್ತವೆ, ಕೇಂದ್ರ ಅಷ್ಟೇ ಸರಿದರೂ ಅವುಗಳತ್ತ ಸಾಗುವುದು ಅರ್ಧ ದೂರ ಮಾತ್ರ. ಹೀಗಾಗಿ ಗಟ್ಟಿ ಬಂಡೆಯ ಮೇಲೆ ಒಂದು ಕಾಲು ಕೆಳಕ್ಕಿರುವುದು ಮಗುಚುವುದರಿಂದ ಹೆಚ್ಚು ರಕ್ಷಣೆ ಕೊಡುತ್ತದೆ. ಭಾರದ ಲೆನ್ಸ್ ಮುಂದಕ್ಕೆ ಚಾಚಿದ್ದಾಗ ಅದರ ಕೆಳಗೇ ಒಂದು ಕಾಲು ಬರಬೇಕೆನ್ನುವುದೂ ಇದೇ ಲೆಕ್ಕ.

ಮೆತ್ತನೆಯ ಏರಿಯ ಮೇಲೆ ಲೆಕ್ಕ ತಿರುಗುತ್ತದೆ. ಭಾರ ಕೆಳಕ್ಕೆ ಸರಿದಾಗ ಆ ಹೆಚ್ಚಳವನ್ನೆಲ್ಲ ಒಂದೇ ಕಾಲು ಹೊತ್ತರೆ ಅದು ಹೂತುಕೊಳ್ಳುತ್ತದೆ. ಹೂತುಕೊಂಡರೆ ಇನ್ನಷ್ಟು ವಾಲಿ ಇನ್ನಷ್ಟು ಭಾರ ಅದರ ಮೇಲೇ ಬೀಳುತ್ತದೆ. ಎರಡು ಕಾಲು ಕೆಳಗಿದ್ದರೆ ಹೆಚ್ಚಳ ಸರಿಪಾಲಾಗುತ್ತದೆ. ಭೂಮಾಪಕರು ಹೊಲಗದ್ದೆಗಳ ಇಳಿಜಾರಿನಲ್ಲಿ ಎರಡು ಕಾಲನ್ನು ಕೆಳಕ್ಕೆ, ಒಂದನ್ನು ಮೇಲಕ್ಕೆ ಇಡುವ ರೂಢಿಗೆ ಇದು ಸಮರ್ಥನೆ. ಕಲ್ಲಾದರೆ ಒಂದು ಕೆಳಗೆ, ಮಣ್ಣಾದರೆ ಎರಡು ಕೆಳಗೆ. ಎರಡರಲ್ಲೂ ಮೇಲಿನ ಕಾಲನ್ನು ಗಿಡ್ಡ ಮಾಡಿ ಕ್ಯಾಮೆರಾ ಮೂರೂ ಪಾದಗಳ ನಡುವಿಗೆ ಬರುವಂತೆ ನೋಡಿಕೊಳ್ಳಬೇಕು.

ಗಾಳಿಗೆ ಅಣೆಕಟ್ಟೆಯ ಪಾಠ

ತುಂಗಭದ್ರಾ ಅಣೆಕಟ್ಟೆ 1945ರಲ್ಲಿ ಶುರುವಾಗಿ 1953ರಲ್ಲಿ ನೀರು ಹಿಡಿಯಿತು. ಆಗ ಎಡದಂಡೆಯ ಮುನಿರಾಬಾದ್ ಹೈದರಾಬಾದ್ ಸಂಸ್ಥಾನದ್ದು, ಬಲದಂಡೆ ಮದ್ರಾಸ್ ಪ್ರಾಂತದ್ದು. ಇದು ಕಲ್ಲಿನಿಂದ ಕಟ್ಟಿದ ಗುರುತ್ವ ಅಣೆಕಟ್ಟೆ. ಹಿಂದಿನ ನೀರು ಅದನ್ನು ಅಡ್ಡಕ್ಕೆ ತಳ್ಳುತ್ತದೆ, ಅದರ ಸ್ವಂತ ತೂಕ ಕೆಳಕ್ಕೆ ಎಳೆಯುತ್ತದೆ. ಎರಡೂ ಬಲ ಸೇರಿ ಆಗುವ ಓರೆ ಬಲ ತಳಪಾಯದ ಅಗಲದೊಳಗೆ, ಅದರಲ್ಲೂ ನಡುವಿನ ಮೂರನೇ ಒಂದು ಭಾಗದೊಳಗೆ ಬೀಳಬೇಕೆಂದು ಎಂಜಿನಿಯರರು ಲೆಕ್ಕ ಹಾಕುತ್ತಾರೆ.

ಟ್ರೈಪಾಡನ್ನು ಗಾಳಿ ತಳ್ಳುವಾಗಲೂ ಇದೇ ನಿಯಮ. ಹಿನ್ನೀರಿನ ಮೇಲಿಂದ ಬರುವ ಗಾಳಿಗೆ ಅಡ್ಡ ಮರವಿಲ್ಲ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ಉದ್ದನೆಯ ಲೆನ್ಸಿನ ಪಕ್ಕೆಗೆ ಬಡಿದರೆ ಸುಮಾರು 300 ಗ್ರಾಂ ತೂಕದಷ್ಟು ಬಲ ಬೀಳುತ್ತದೆ. ನೆಲದಿಂದ 150 ಸೆಂಟಿಮೀಟರ್ ಎತ್ತರದಲ್ಲಿ ಆ ಬಲ ಮಗುಚಲು ಮಾಡುವ ಯತ್ನ 45 ಕಿಲೋ-ಸೆಂಟಿಮೀಟರ್. 7 ಕಿಲೋ ಟ್ರೈಪಾಡ್ ನಡುವಿನಿಂದ ಅಂಚಿನ ಗೆರೆಗೆ ಇರುವ 29 ಸೆಂಟಿಮೀಟರನ್ನು ಬಳಸಿ ತೋರುವ ಪ್ರತಿರೋಧ 203. ಬೀಳುವ ಭಯವಿಲ್ಲ. ಆದರೆ ಗಾಳಿಯ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. 72 ಕಿಲೋಮೀಟರಿನ ಬಿರುಗಾಳಿಯಲ್ಲಿ ಯತ್ನ 180ಕ್ಕೆ ಏರುತ್ತದೆ, ಒಂದು ಜೋರು ಹೊಡೆತಕ್ಕೆ ಕ್ಯಾಮೆರಾ ನೆಲ ಕಾಣುತ್ತದೆ. ಈಗ ಬ್ಯಾಗು ಕೆಲಸಕ್ಕೆ ಬರುತ್ತದೆ, 3 ಕಿಲೋ ತೂಗಿದರೆ ಪ್ರತಿರೋಧ 290. ಕಾಲುಗಳನ್ನು ಅಗಲಿಸಿ ಎತ್ತರವನ್ನು ಅರ್ಧಕ್ಕೆ ಇಳಿಸಿದರೆ ಗಾಳಿಯ ಯತ್ನವೂ ಅರ್ಧ, ತಳದ ಅಗಲವೂ ಹೆಚ್ಚು. ಎರಡು ಕಡೆಯಿಂದ ಲಾಭ. ನಡುಗಂಬ ಎತ್ತುವುದು ಇದಕ್ಕೆ ತದ್ವಿರುದ್ಧ ಕೆಲಸ.

ತೂಗಿದ ಬ್ಯಾಗು ಗಾಳಿಗೆ ತಾನೇ ಓಲಾಡಿದರೆ ಟ್ರೈಪಾಡನ್ನು ಓಲಾಡಿಸುತ್ತದೆ. ಅದರ ತಳ ನೆಲಕ್ಕೆ ಸ್ವಲ್ಪ ತಾಗುವಂತೆ ಹಗ್ಗದ ಉದ್ದ ಹೊಂದಿಸಬೇಕು.

ನಿಮ್ಮ ಕಾಲೂ ಲೆಕ್ಕಕ್ಕುಂಟು

ಮೆತ್ತನೆಯ ನೆಲದಲ್ಲಿ ಟ್ರೈಪಾಡಿಗೆ ಎದುರಾಳಿ ಅದರ ಯಜಮಾನನೇ. ಅವನು ಒಂದು ಹೆಜ್ಜೆ ಸರಿದರೆ 60 ಕಿಲೋ ಭಾರ ಒಂದು ಪಾದದಿಂದ ಇನ್ನೊಂದಕ್ಕೆ ಹೋಗುತ್ತದೆ. ಸುತ್ತಲಿನ ಮಣ್ಣು ಬಟ್ಟಲಿನಂತೆ ತಗ್ಗುತ್ತದೆ, ಆ ತಗ್ಗಿನೊಳಗಿರುವ ಟ್ರೈಪಾಡಿನ ಕಾಲೂ ತಗ್ಗುತ್ತದೆ. ನೂರನೇ ಒಂದು ಮಿಲಿಮೀಟರಿಗೆ ಒಂದೂವರೆ ಪಿಕ್ಸೆಲ್ ಎಂಬ ಲೆಕ್ಕ ಇಲ್ಲಿ ನೆನಪಾಗಬೇಕು.

ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ ಇದು ದೊಡ್ಡ ತಲೆನೋವಾಗಿತ್ತು. 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದ ವಿಲಿಯಂ ಲ್ಯಾಂಬ್ಟನ್ನಿಗೆ ದಕ್ಷಿಣದ ಬೆಟ್ಟಗಳ ಬಂಡೆ ನೆರವಾಯಿತು. ಅವನ ನಂತರ ಬಂದ ಜಾರ್ಜ್ ಎವರೆಸ್ಟ್ ಗಂಗೆಯ ಮೆಕ್ಕಲು ಬಯಲಿನಲ್ಲಿ ಬೆಟ್ಟವೂ ಇಲ್ಲದೆ ಬಂಡೆಯೂ ಇಲ್ಲದೆ ಗೋಪುರಗಳನ್ನೇ ಕಟ್ಟಿಸಬೇಕಾಯಿತು. ಅವುಗಳಲ್ಲಿ ಉಪಕರಣ ಕೂರುವ ನಡುಗಂಬಕ್ಕೂ ವೀಕ್ಷಕ ಓಡಾಡುವ ಹಾಸಿಗೂ ಸಂಬಂಧವೇ ಇರಲಿಲ್ಲ. ಮನುಷ್ಯನ ನಡಿಗೆ ಅವನ ಹಾಸಿನಲ್ಲೇ ಉಳಿಯುತ್ತಿತ್ತು, ಥಿಯೊಡಲೈಟಿಗೆ ತಾಗುತ್ತಿರಲಿಲ್ಲ. ಇಂದಿಗೂ ವೀಕ್ಷಣಾಲಯಗಳ ದೂರದರ್ಶಕದ ಕಂಬವನ್ನು ಕಟ್ಟಡದ ನೆಲಕ್ಕೆ ತಾಗದಂತೆ ಬಿಡಿಯಾಗಿಯೇ ಕಟ್ಟುತ್ತಾರೆ.

ಹಿನ್ನೀರಿನ ದಂಡೆಯಲ್ಲಿ ನಾವು ಮಾಡಬಹುದಾದದ್ದು ಅದರ ಸಣ್ಣ ರೂಪ. ಟ್ರೈಪಾಡಿನ ಕಾಲುಗಳ ನಡುವೆ ಪಾದ ಇಡದೆ, ನಿಲ್ಲುವ ಜಾಗ ಮೊದಲೇ ನಿರ್ಧರಿಸಿ ಅಲ್ಲೊಂದು ಹಲಗೆ ಹಾಕಿಕೊಂಡು, ಕೇಬಲ್ಲಿನಿಂದಲೋ ಟೈಮರಿನಿಂದಲೋ ಶಟರ್ ಬಿಡುವುದು. ನಿಮ್ಮ ನೆಲ ಎಷ್ಟು ಅಲುಗುತ್ತದೆಂದು ಕಣ್ಣಾರೆ ನೋಡಲು ಸುಲಭದ ಪ್ರಯೋಗವಿದೆ. ಉದ್ದನೆಯ ಲೆನ್ಸನ್ನು ದೂರದ ಹುಲಿಗಿಯ ಹುಲಿಗೆಮ್ಮನ ಗುಡಿಯ ಶಿಖರದ ತುದಿಗೋ ಅಣೆಕಟ್ಟೆಯ ಒಂದು ದೀಪದ ಕಂಬಕ್ಕೋ ಹಿಡಿಯಿರಿ. ಪರದೆಯಲ್ಲಿ ಚಿತ್ರವನ್ನು ಹತ್ತು ಪಟ್ಟು ಹಿಗ್ಗಿಸಿ, ಆ ತುದಿ ಚೌಕಟ್ಟಿನ ಅಂಚಿಗೆ ತಾಗುವಂತೆ ಮಾಡಿ, ಏನನ್ನೂ ಮುಟ್ಟದೆ ನೋಡುತ್ತ ನಿಲ್ಲಿ. ಒಂದೇ ದಿಕ್ಕಿಗೆ ಮೆಲ್ಲಗೆ ಜಾರಿದರೆ ಕಾಲು ಕುಸಿಯುತ್ತಿದೆ ಎಂದರ್ಥ. ಹೆಜ್ಜೆ ಇಟ್ಟಾಗ ಸರಿದು ಮತ್ತೆ ಮೊದಲ ಜಾಗಕ್ಕೆ ಬಂದರೆ ನಿಮ್ಮ ಭಾರ ಅದಕ್ಕೆ ತಾಗುತ್ತಿದೆ. ಗಡಗಡ ನಡುಗಿದರೆ ಗಾಳಿ. ಮೂರು ರೋಗಕ್ಕೆ ಮೂರು ಮದ್ದು: ಕುಸಿತಕ್ಕೆ ಬಿಲ್ಲೆ, ಹೆಜ್ಜೆಗೆ ದೂರ, ಗಾಳಿಗೆ ತಗ್ಗು ನಿಲುವು ಮತ್ತು ಭಾರ.

ಕೊನೆಯದಾಗಿ ಓದುಗರಲ್ಲಿ ಎರಡು ಮನವಿ. ಹೂಳಿನ ಹಕ್ಕಳೆ ಟ್ರೈಪಾಡನ್ನು ಹೊತ್ತಿತೆಂದು ಅದು ನಿಮ್ಮನ್ನೂ ಹೊರುತ್ತದೆಂದು ನಂಬಬೇಡಿ. ಬಿಲ್ಲೆ ಇಟ್ಟ ಟ್ರೈಪಾಡ್ ಒತ್ತುವುದು 30 ಗ್ರಾಂ, ನೀವು ಒತ್ತುವುದು 150, ನಡೆಯುವಾಗ ಒಂಟಿ ಕಾಲಿಗೆ 300. ಕೋಲಿನಿಂದ ಪರೀಕ್ಷಿಸದೆ ಒಬ್ಬರೇ ಮುಂದೆ ಹೋಗಬೇಡಿ. ಎರಡನೆಯದು, ಗಟ್ಟಿ ನೆಲ ಸಿಕ್ಕಿತೆಂದು ಎಲ್ಲೆಂದರಲ್ಲಿ ಕಾಲೂರಬೇಡಿ. ಅಣೆಕಟ್ಟೆಯ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ನದಿ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಅಲ್ಲಿನ ಬಂಡೆಸಂದಿಗಳು ಅವುಗಳ ಮನೆ, ನದಿಯ ಮರಳು ದಿಬ್ಬಗಳು ಹಕ್ಕಿಗಳು ಮೊಟ್ಟೆಯಿಡುವ ಜಾಗ. ಒಳ್ಳೆಯ ಚಿತ್ರಕ್ಕೆ ಒಳ್ಳೆಯ ನೆಲ ಬೇಕು ನಿಜ, ಆದರೆ ಆ ನೆಲದ ಮೊದಲ ಹಕ್ಕು ಅದರ ಮೇಲೆ ಬದುಕುವವರದು. ಅವರಿಂದ ದೂರ ನಿಲ್ಲಿ, ಉದ್ದನೆಯ ಲೆನ್ಸ್ ಹಾಕಿ, ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿ, ಆಮೇಲೆ ಕ್ಯಾಮೆರಾ ಏರಿಸಿ.